ಕಪ್ಪು ಬಟ್ಟೆಗೆ ಪ್ರವೇಶವಿಲ್ಲ

ನನ್ನ ದನಿ ಚೆನ್ನಾಗಿದೆ ಎಂದು ಮೊದಲು ಹೇಳಿದವರು ನಮ್ಮೂರಿನ ಶಾಲೆಯ ಮೇಷ್ಟ್ರು. ಆ ಒಂದು ಮಾತಿನಿಂದ ನನಗೆ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಮೈಸೂರಿಗೆ ಬಂದು, ಕನ್ನಡ ಎಂ.ಎ. ಮಾಡಿ, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದ ಮೇಲೆ, ನಗರದಲ್ಲಿ ಸರ್ಕಾರಿ ಸಮಾರಂಭ ನಡೆದಾಗಲೆಲ್ಲ ನಿರೂಪಣೆಗೆ ನನ್ನನ್ನೇ ಕರೆಯುವುದು ರೂಢಿಯಾಯಿತು. ಮಹಿಳಾ ದಿನಾಚರಣೆಯಂತೂ ನನ್ನ ಗುತ್ತಿಗೆಯೇ ಆಗಿತ್ತು. ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಉಟ್ಟು, ಮೈಕು ಹಿಡಿದು, ಯಾರೋ ಬರೆದುಕೊಟ್ಟ ಸಾಲುಗಳನ್ನು ನನ್ನವೇ ಎಂಬಂತೆ ಓದಿ ಚಪ್ಪಾಳೆ ಗಿಟ್ಟಿಸಿ ಮನೆಗೆ ಬರುತ್ತಿದ್ದೆ. ಒಳಗೊಳಗೇ ಬೀಗುತ್ತಿದ್ದೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಮುಂದೆ ಬೇರೆಯವರನ್ನು ಬೈಯುವುದು ಬಹಳ ಇದೆ, ನನ್ನ ಪಾಲಿನದು ಮೊದಲೇ ಮುಗಿಯಲಿ.

ಆ ವರ್ಷ ಫೆಬ್ರವರಿಯ ಕೊನೆಯಲ್ಲಿ ಒಬ್ಬ ಅಧಿಕಾರಿ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದರು. ಹೆಂಗಸರ ಏಳಿಗೆಯನ್ನು ನೋಡಿಕೊಳ್ಳುವುದೇ ಅವರ ಇಲಾಖೆಯ ಕೆಲಸ. ಸೋಫಾದಲ್ಲಿ ಕೂತವರು ನನ್ನ ಕಡೆ ನೋಡಲಿಲ್ಲ. ಪೇಪರ್ ಓದುತ್ತಿದ್ದ ನನ್ನ ಗಂಡನನ್ನು ಕೇಳಿದರು, “ಸಾರ್, ಎಂಟನೇ ತಾರೀಕು ಮೇಡಮ್‌ನ ಕಳಿಸಿಕೊಡ್ತೀರಲ್ವಾ?”

ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, “ಅವರು ಇಲ್ಲೇ ಇದಾರಲ್ಲ, ಕೇಳಿ” ಎಂದರು.

ಅಧಿಕಾರಿ ಹಲ್ಲು ಕಿರಿದು ನನ್ನ ಕಡೆ ತಿರುಗಿದರು. ಈ ಸಲ ‘ದೊಡ್ಡವರೇ’ ಬರುತ್ತಿದ್ದಾರೆಂದೂ, ಮೈದಾನದಲ್ಲಿ ಭಾರೀ ಪೆಂಡಾಲ್ ಎಂದೂ, ಸುತ್ತಲಿನ ತಾಲ್ಲೂಕುಗಳಿಂದೆಲ್ಲ ಹೆಂಗಸರನ್ನು ಬಸ್ಸಿನಲ್ಲಿ ಕರೆಸುತ್ತಿದ್ದಾರೆಂದೂ ಹೇಳಿದರು. ಆ ದೊಡ್ಡವರ ಹೆಸರನ್ನು ಅವರು ಭಕ್ತಿಯಿಂದ ಬಾಯಿಗೆ ತರಲಿಲ್ಲ. ನಾನೂ ಇಲ್ಲಿ ತರುವುದಿಲ್ಲ, ಕಾರಣ ಬೇರೆ. ಯಾವ ಪಕ್ಷದವರು ಎಂದೂ ಕೇಳಬೇಡಿ. ಹೇಳಿದರೆ ಎದುರು ಪಕ್ಷದವರಿಗೆ ಖುಷಿಯಾಗುತ್ತದೆ. ಅಷ್ಟು ಖುಷಿಗೆ ಅವರೂ ಯೋಗ್ಯರಲ್ಲ.

ಆ ಸರ್ಕಾರದ ಬಗ್ಗೆ ಇಷ್ಟು ಹೇಳಿದರೆ ಸಾಕು. ಧರಣಿ ಕೂತ ಅಂಗನವಾಡಿ ಹೆಂಗಸರನ್ನು ವ್ಯಾನಿಗೆ ತುಂಬಿ ಊರಾಚೆ ಇಳಿಸಿ ಬಂದದ್ದು ಅದೇ ಸರ್ಕಾರ. ಒಂದು ಮಾತು ಎದುರಾಡಿದವರ ಮನೆ ಬಾಗಿಲಿಗೆ ಮಾರನೆಯ ದಿನವೇ ಪೊಲೀಸರು ಬಂದು ನಿಲ್ಲುತ್ತಿದ್ದರು. ತಲೆಗೆ ವಸ್ತ್ರ ಸುತ್ತಿಕೊಂಡ ಹುಡುಗಿಯರು ತರಗತಿಗೆ ಬರಕೂಡದು ಎಂದು ತಡೆದದ್ದೂ ಅದೇ ಸರ್ಕಾರ. ತಡೆದದ್ದಕ್ಕೆ ಕೊಟ್ಟ ಕಾರಣ, ಹೆಣ್ಣುಮಕ್ಕಳ ಬಿಡುಗಡೆ. ನನ್ನ ತರಗತಿಯಲ್ಲೂ ಎರಡು ಜಾಗ ಖಾಲಿಯಾದವು. ನಾನು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು ಎಂದು ಗುರುತು ಹಾಕಿ ಪಾಠ ಮುಂದುವರಿಸಿದ್ದೆ.

“ಇನ್ನೊಂದು ಸಹಾಯ ಆಗ್ಬೇಕು ಮೇಡಮ್,” ಅಧಿಕಾರಿ ದನಿ ತಗ್ಗಿಸಿದರು. “ಸಾಧಕಿಯರಿಗೆ ಸನ್ಮಾನ ಇದೆ. ಅದರಲ್ಲಿ ಒಬ್ಬರಾದ್ರೂ ಮುಸ್ಲಿಂ ಹೆಣ್ಮಕ್ಳು ಬೇಕು ಅಂತ ಮೇಲಿಂದ ಬಂದಿದೆ. ನಿಮಗೆ ಯಾರಾದ್ರೂ ಗೊತ್ತಾ?”

ನನಗೆ ಗೊತ್ತಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಇಪ್ಪತ್ತು ವರ್ಷದಿಂದ ನನ್ನ ಕುಪ್ಪಸ ಹೊಲಿಯುತ್ತಿದ್ದ ಒಬ್ಬರಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಎಲ್ಲರೂ ಕರೆಯುವಂತೆ ನಾನೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಒಂದು ಹಳೆಯ ಮಷೀನಿಟ್ಟುಕೊಂಡು ಶುರುಮಾಡಿ, ಆಮೇಲೆ ಓಣಿಯ ಹೆಣ್ಣುಮಕ್ಕಳಿಗೆ ಬಿಟ್ಟಿಯಾಗಿ ಹೊಲಿಗೆ ಕಲಿಸುತ್ತ ಬಂದವರು. ಅವರ ಕೈಯಲ್ಲಿ ಕಲಿತವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಸನ್ಮಾನ ಅಂತ ಮಾಡುವುದಾದರೆ ಅವರಿಗೇ ಮಾಡಬೇಕು ಎಂದು ನನಗೆ ಪ್ರಾಮಾಣಿಕವಾಗಿಯೇ ಅನ್ನಿಸಿತು.

ಮಾರನೆಯ ದಿನ ಹೋಗಿ ಹೇಳಿದೆ. ಆಪಾ ಮಷೀನು ತುಳಿಯುತ್ತಲೇ ಕೇಳಿಸಿಕೊಂಡರು.

“ನಂಗ್ಯಾಕೆ ಟೀಚರಮ್ಮ ಇವೆಲ್ಲ? ಶಾಲು ಹೊದ್ಕೊಂಡು ನಾನೇನ್ ಮಾಡ್ಲಿ, ಬಿಸಿಲು ಬೇರೆ.”

“ದೊಡ್ಡವರ ಕೈಯಿಂದ ಆಪಾ.”

ಮಷೀನು ನಿಂತಿತು. “ಅವರು ಎದುರಿಗೇ ಸಿಗ್ತಾರಾ? ಕೈಗೆ ಒಂದು ಕಾಗದ ಕೊಡಬೋದಾ?”

ಅವರ ಕೊನೆಯ ತಂಗಿಯ ಮಗಳು ಆ ತಲೆವಸ್ತ್ರದ ಆದೇಶದಿಂದಾಗಿ ಓದು ಬಿಟ್ಟು ಮನೆಯಲ್ಲಿ ಕೂತಿದ್ದಳು. ಅದೇ ಓಣಿಯಲ್ಲಿ ಇನ್ನೂ ನಾಲ್ವರಿದ್ದರು. ಐದೂ ಜನ ಹುಡುಗಿಯರಿಗೆ ಬಿಟ್ಟಲ್ಲಿಂದ ಓದಿ ಪರೀಕ್ಷೆ ಬರೆಯಲು ಅವಕಾಶ ಬೇಕು, ಅಷ್ಟೇ. ನಾನೇ ಕೂತು ಮನವಿ ಬರೆದುಕೊಟ್ಟೆ. ಒಂದೇ ಪುಟ, ಒಂದೂ ಒರಟು ಮಾತಿಲ್ಲ. ಅಧಿಕಾರಿಗೆ ಫೋನ್ ಮಾಡಿ ಕೇಳಿದ್ದಕ್ಕೆ, “ಕೊಡ್ಲಿ ಕೊಡ್ಲಿ, ಅದಕ್ಕೇನಂತೆ” ಎಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು.

“ಮೇಡಮ್, ನೀವು ಕಳಿಸಿದ ಫೋಟೋ ನೋಡ್ದೆ. ಅವರು ಹಸಿರು ಸೀರೆ ಉಟ್ಕೊಂಡು, ತಲೆ ಮೇಲೆ ಸೆರಗು ಹಾಕ್ಕೊಂಡಿದಾರೆ. ಹಂಗಾದ್ರೆ ಆಗಲ್ಲ. ಬುರ್ಖಾ ಹಾಕ್ಕೊಂಡು ಬರೋಕೆ ಹೇಳಿ.”

“ಅವರು ಬುರ್ಖಾ ಹಾಕಲ್ಲ ಸಾರ್.”

“ಅವತ್ತೊಂದಿನ ಹಾಕ್ಕೊಳ್ಲಿ ಮೇಡಮ್. ಫೋಟೋದಲ್ಲಿ ಗೊತ್ತಾಗ್ಬೇಕಲ್ಲ?”

ಇದನ್ನು ಆಪಾಗೆ ಹೇಗೆ ಹೇಳುವುದೆಂದು ನಾನು ಒಂದಿಡೀ ದಿನ ಒದ್ದಾಡಿದೆ. ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮದುವೆಯಾದ ಹೊಸದರಲ್ಲಿ ಹಾಕ್ತಿದ್ದೆ ಕಣಮ್ಮ. ಆಮೇಲೆ ಮಷೀನಿಗೆ ಸಿಕ್ಕೊಳ್ತದೆ ಅಂತ ನಾನೇ ಬುಟ್ಬುಟ್ಟೆ. ನನ್ನ ಗಂಡನೂ ಬಲವಂತ ಮಾಡಿರಲಿಲ್ಲ. ಈಗ ಸರ್ಕಾರ ಹಾಕ್ಕೋ ಅಂತದಾ?” ನಗು ನಿಂತ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನಮ್ಮ ಮಗೂಗೆ ತಲೆ ಮೇಲಿಂದ ತೆಗಿ ಅಂತಾರೆ. ನಂಗೆ ಮೈ ತುಂಬ ಹೊದ್ಕೋ ಅಂತಾರೆ. ಆಗ್ಲಿ, ಪಕ್ಕದ ಮನೆಯವಳ್ದು ಇಸ್ಕೊಂಡು ಹಾಕ್ಕೊಂಡ್ಬರ್ತೀನಿ. ಕಾಗದ ಅವರ ಕೈಗೆ ಸೇರಿದ್ರೆ ಸಾಕು.”

ನಾನು ಆಗಲೇ ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಮನವಿ ತಲುಪುತ್ತದಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ. ರೇಷ್ಮೆ ಸೀರೆ ಆಗಲೇ ಇಸ್ತ್ರಿಗೆ ಹೋಗಿತ್ತು.

ಎಂಟನೇ ತಾರೀಕು ಬೆಳಿಗ್ಗೆ ದೊಡ್ಡವರು ಮೊದಲು ಚಾಮುಂಡಿ ಬೆಟ್ಟಕ್ಕೆ ಹೋದರು. ಅವರ ಕಾರುಗಳು ಇಳಿದು ಬರುವ ತನಕ ಬೆಟ್ಟದ ಬುಡದಲ್ಲಿ ಜನರನ್ನು ತಡೆದಿದ್ದರು. ಹರಕೆ ಹೊತ್ತು ಬಂದ ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಿಸಿಲಿನಲ್ಲಿ ನಿಂತಿದ್ದರಂತೆ. ಮೇಲೆ ಹೂ ಮಾರುವ ಹೆಂಗಸರನ್ನು ಬುಟ್ಟಿ ಸಮೇತ ಎಬ್ಬಿಸಿದ್ದರಂತೆ. ಇದು ನಾನು ಆಮೇಲೆ ಕೇಳಿ ತಿಳಿದದ್ದು. ಮೈದಾನದ ಗೇಟಿನಲ್ಲಿ ನಡೆದದ್ದನ್ನು ಮಾತ್ರ ಕಣ್ಣಾರೆ ಕಂಡೆ.

ಗೇಟಿಗೆ ಒಂದು ರಟ್ಟು ಕಟ್ಟಿದ್ದರು. ‘ಕಪ್ಪು ಬಟ್ಟೆಗೆ ಪ್ರವೇಶವಿಲ್ಲ.’ ಯಾರಾದರೂ ಕಪ್ಪು ಬಾವುಟ ತೋರಿಸಿಬಿಟ್ಟಾರು ಎಂಬ ಭಯ. ನಾಡಿನ ಹೆಂಗಸರೆಲ್ಲ ನನ್ನ ಅಕ್ಕತಂಗಿಯರು ಎನ್ನುವ ಮನುಷ್ಯನಿಗೆ ಒಂದು ತುಂಡು ಕಪ್ಪು ಬಟ್ಟೆ ಕಂಡರೆ ಆಗುವ ನಡುಕ ಎಂಥದ್ದು ನೋಡಿ! ಮಹಿಳಾ ಪೇದೆಗಳು ಸಾಲಾಗಿ ನಿಂತು ಒಬ್ಬೊಬ್ಬರನ್ನೇ ತಪಾಸಣೆ ಮಾಡುತ್ತಿದ್ದರು. ಛತ್ರಿ, ಕರ್ಚೀಫು, ಬಿಸಿಲಿಗೆಂದು ತಂದ ಶಾಲು, ಯಾವುದಾದರೂ ಕಪ್ಪಾಗಿದ್ದರೆ ಪಕ್ಕಕ್ಕೆ ಬಿಸಾಡುತ್ತಿದ್ದರು. ಎದೆಯೆತ್ತರದ ಗುಡ್ಡೆಯಾಗಿತ್ತು.

ನಮ್ಮ ಕಾಲೇಜಿನ ಹುಡುಗಿಯರನ್ನೂ ಕರೆತಂದಿದ್ದರು. ಬರದಿದ್ದರೆ ಹಾಜರಿ ಇಲ್ಲ ಎಂದು ಹೆದರಿಸಿ ಕರೆತಂದದ್ದು. ಅವರ ಸಮವಸ್ತ್ರ ಬಿಳಿ ಕುರ್ತಾ, ಕಪ್ಪು ದುಪಟ್ಟಾ.

“ತೆಗೀರಮ್ಮ, ತೆಗೀರಿ, ಕಪ್ಪು ಬುಡಲ್ಲ ಒಳಕ್ಕೆ.”

“ಅಕ್ಕಾ, ಇದು ಯೂನಿಫಾರ್ಮು.”

“ಯೂನಿಫಾರ್ಮೋ ಏನೋ, ನಂಗೆ ಆರ್ಡರ್ ಅಂಗೇ ಇರೋದು.”

ಹುಡುಗಿಯರು ಒಬ್ಬೊಬ್ಬರಾಗಿ ದುಪಟ್ಟಾ ತೆಗೆದುಕೊಟ್ಟರು. ಬೆವರಿಗೆ ಬಿಳಿ ಬಟ್ಟೆ ಮೈಗೆ ಅಂಟಿತ್ತು. ಆಚೆ ಬದಿಯಲ್ಲಿ ಕ್ಯಾಮೆರಾದವರು, ಕಾರ್ಯಕರ್ತರು, ಡ್ರೈವರುಗಳು ನಿಂತು ನೋಡುತ್ತಿದ್ದರು. ಎರಡನೇ ವರ್ಷದ ಒಬ್ಬ ಹುಡುಗಿ ಕೈಯಲ್ಲಿದ್ದ ಫೈಲನ್ನು ಎದೆಗೆ ಅವುಚಿಕೊಂಡು, ತಲೆ ತಗ್ಗಿಸಿ, ನನ್ನ ಪಕ್ಕದಲ್ಲೇ ಹಾದುಹೋದಳು. ನನ್ನನ್ನು ನೋಡಿ ‘ನಮಸ್ತೆ ಮೇಡಮ್’ ಎಂದಳು. ಅಷ್ಟರಲ್ಲೂ ಮರ್ಯಾದೆ ಮರೆಯಲಿಲ್ಲ.

ಆಗ ಆಪಾ ಬಂದರು. ಅಡಿಯಿಂದ ಮುಡಿಯ ತನಕ ಕಪ್ಪು, ಮುಖವೊಂದು ಮಾತ್ರ ಕಾಣುತ್ತಿತ್ತು. ಪೇದೆ ಅಡ್ಡ ಕೈ ಹಿಡಿದಳು. ಅಧಿಕಾರಿ ಎಲ್ಲಿದ್ದರೋ, ಏದುಸಿರು ಬಿಡುತ್ತ ಓಡಿಬಂದು, “ಏ, ಅವರನ್ನ ಬಿಡಮ್ಮಾ! ಅವರ್ದು ತೆಗೀಬೇಡ, ಅವರ್ದು ಬೇಕು!” ಎಂದರು. ಸಾವಿರಾರು ಹೆಂಗಸರಿದ್ದ ಆ ಮೈದಾನಕ್ಕೆ ಕಪ್ಪು ಬಟ್ಟೆಯಲ್ಲಿ ಒಳಗೆ ಹೋದವರು ಅವರೊಬ್ಬರೇ.

ನಾನು ವೇದಿಕೆ ಹತ್ತಿದೆ. ಬರೆದುಕೊಟ್ಟದ್ದನ್ನು ಓದಿದೆ. ‘ಹೆಣ್ಣಿನ ಘನತೆ ಕಾಯುವುದೇ ನಮ್ಮ ಸರ್ಕಾರದ ಉಸಿರು’ ಎಂಬ ಸಾಲನ್ನು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ನನ್ನ ಚೆಂದದ ದನಿಯಲ್ಲಿ ಓದಿದೆ. ಎದುರಿಗೆ ನಾಲ್ಕನೇ ಸಾಲಿನಲ್ಲಿ ನಮ್ಮ ಹುಡುಗಿಯರು ಕೈಕಟ್ಟಿಕೊಂಡು, ಮುದುಡಿ ಕೂತಿದ್ದರು.

ದೊಡ್ಡವರು ಮಾತಾಡಿದರು. ಮಹಿಷನನ್ನು ಕೊಂದ ತಾಯಿಯ ಊರಿದು ಎಂದರು. ತಮ್ಮ ತಾಯಿಯನ್ನು ನೆನೆದು ಗಂಟಲು ಗದ್ಗದ ಮಾಡಿಕೊಂಡರು. ಕ್ಯಾಮೆರಾ ಹತ್ತಿರ ಬಂದಾಗಲೇ ಗದ್ಗದವಾಗುವ ಗಂಟಲು ಅದು, ಬಹಳ ಶಿಸ್ತಿನದು. ವೇದಿಕೆಯ ಮೇಲೆ ಹದಿನೇಳು ಕುರ್ಚಿಗಳಿದ್ದವು. ಹೆಂಗಸರು ಕೂತದ್ದು ಎರಡರಲ್ಲಿ. ಅವರಲ್ಲಿ ಒಬ್ಬರು ಯಾರದೋ ಹೆಂಡತಿ, ಇನ್ನೊಬ್ಬರು ಯಾರದೋ ಸೊಸೆ.

ಸನ್ಮಾನದ ಸರದಿ ಬಂದಾಗ ಆಪಾ ತಲೆಯ ಮೇಲೆ ದೊಡ್ಡವರು ಕೈಯಿಟ್ಟು ಕ್ಯಾಮೆರಾ ಕಡೆಗೆ ತಿರುಗಿದರು. ಆಪಾಗೆ ಆಗ ಅರವತ್ತೆರಡು. ಆ ಮನುಷ್ಯನಿಗೂ ಸುಮಾರು ಅಷ್ಟೇ.

“ಈ ತಂಗಿಗೆ ಶತಮಾನಗಳ ಕತ್ತಲೆಯಿಂದ ಬಿಡುಗಡೆ ಕೊಟ್ಟವರು ನಾವು!” ಎಂದು ಅವರು ಕೂಗಿದಾಗ ಚಪ್ಪಾಳೆ ಬಿತ್ತು. ಆಪಾ ಬುರ್ಖಾದೊಳಗಿಂದ ಕಾಗದ ತೆಗೆದು ಕೊಟ್ಟರು. ದೊಡ್ಡವರು ಅದನ್ನು ಬಿಡಿಸಿಯೂ ನೋಡಲಿಲ್ಲ. “ನೋಡಿ, ಧನ್ಯವಾದ ಪತ್ರ ತಂದಿದ್ದಾಳೆ” ಎಂದು ಜನರಿಗೆ ತೋರಿಸಿ ಹಿಂದಕ್ಕೆ ಚಾಚಿದರು. ಹಿಂದಿದ್ದವರು ಇನ್ನೂ ಹಿಂದಿದ್ದವರಿಗೆ ದಾಟಿಸಿದರು. ಕಾಗದ ಕಾಣೆಯಾಯಿತು.

ಆಪಾ ನನ್ನ ಕಡೆ ತಿರುಗಿದರು. ಮೈಕು ನನ್ನ ಕೈಯಲ್ಲಿತ್ತು. ಅವರು ಒಂದು ಹೆಜ್ಜೆ ಮುಂದಿಟ್ಟು, ಕೈ ಸ್ವಲ್ಪ ಚಾಚಿದರು. ಎರಡೇ ಮಾತು ಸಾಕಿತ್ತು ಅವರಿಗೆ. ಅಧಿಕಾರಿ ವೇದಿಕೆಯ ಮೂಲೆಯಿಂದ ನನಗೆ ಕಣ್ಣಿನಲ್ಲೇ ‘ಮುಂದಕ್ಕೆ’ ಎಂದರು. ನಾನು ಮುಂದಿನ ಸನ್ಮಾನಿತರ ಹೆಸರು ಓದಿದೆ.

ಮಾರನೆಯ ದಿನದ ಪತ್ರಿಕೆಗಳಲ್ಲೆಲ್ಲ ಆ ಚಿತ್ರವೇ. ತನ್ನನ್ನು ಬಿಡುಗಡೆ ಮಾಡಿದ ಸರ್ಕಾರಕ್ಕೆ ಕೃತಜ್ಞತೆ ಸಲ್ಲಿಸಿದ ಮುಸ್ಲಿಂ ಮಹಿಳೆ ಎಂದು ಅಡಿಬರಹ. ನಾನು ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಅವರ ಮುಂದೆ ಕೂತು ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಕಾಗದ ಎಲ್ಲೋಯ್ತು ಅಂತ ಕೇಳ್ನೋಡಿ ಟೀಚರಮ್ಮ, ಅಷ್ಟು ಮಾಡಿ” ಎಂದರು.

ಕಚೇರಿಗೆ ಮೂರು ಸಲ ಹೋದೆ. ಮೂರನೇ ಸಲ ಅಧಿಕಾರಿ, “ಯಾವ ಕಾಗದ ಮೇಡಮ್?” ಎಂದರು.

ಅದೇ ವಾರ ಇನ್ನೊಂದು ಆಯಿತು. ಫೈಲು ಅವುಚಿಕೊಂಡು ಹೋದ ಆ ಹುಡುಗಿ ಮೈದಾನದೊಳಕ್ಕೆ ಕಾಲಿಡುವ ಮುಂಚೆ ದುಪಟ್ಟಾಗಳ ಗುಡ್ಡೆಯ ಫೋಟೋ ತೆಗೆದಿದ್ದಳು. ಅದನ್ನು ಜಾಲತಾಣದಲ್ಲಿ ಹಾಕಿ, ‘ನಮ್ಮ ಘನತೆಯನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡರು’ ಎಂದು ಬರೆದಳು. ಒಂದೇ ಸಾಲು. ಅವಳ ಮೇಲೆ ದೂರು ಬಂತು. ದೂರು ಕೊಟ್ಟವರು ಆ ಪಕ್ಷದ ಒಬ್ಬ ಗಂಡಸು. ಮಹಿಳೆಯರ ಘನತೆಗೆ ಧಕ್ಕೆ ತಂದಿದ್ದಾಳೆ ಎಂಬುದು ಆರೋಪ.

ಅವಳ ತಂದೆ ಹಾಸಿಗೆ ಹಿಡಿದಿದ್ದರು, ತಾಯಿ ಹೆದರಿದ್ದರು. ಹುಡುಗಿ ನನಗೆ ಫೋನ್ ಮಾಡಿ, “ಮೇಡಮ್, ಸ್ಟೇಷನ್ನಿಗೆ ಜೊತೇಲಿ ಬರ್ತೀರಾ?” ಎಂದಳು. ನನ್ನನ್ನು ಯಾಕೆ ಕೇಳಿದಳೋ ಗೊತ್ತಿಲ್ಲ. ಕೇಳಿದ್ದು ನನ್ನ ಪುಣ್ಯ.

ಇನ್ಸ್‌ಪೆಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು. ಕೆಟ್ಟವಳಲ್ಲ, ದಣಿದಿದ್ದಳು.

“ಒಂದು ಕ್ಷಮಾಪಣೆ ಬರ್ಕೊಟ್ಟು ಮನೇಗೋಗಮ್ಮ. ಹೆಣ್ಮಗು ಅಂತ ಹೇಳ್ತಾ ಇದೀನಿ.”

“ಫೋಟೋದಲ್ಲಿರೋದು ಸುಳ್ಳಾ ಮೇಡಮ್?” ಹುಡುಗಿ ಫೋನು ತೆಗೆದು ಮೇಜಿನ ಮೇಲಿಟ್ಟಳು. “ಸುಳ್ಳಾಗಿದ್ರೆ ಬರ್ಕೊಡ್ತೀನಿ.”

ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿದಳು. “ನೀವಾದ್ರೂ ಹೇಳಿ.”

“ನನ್ನ ಹೇಳಿಕೆ ಬರ್ಕೊಳ್ಳಿ” ಎಂದೆ. “ದುಪಟ್ಟಾ ತೆಗೆಸಿದ್ದನ್ನ ನಾನು ಅಲ್ಲೇ ನಿಂತು ನೋಡಿದೀನಿ.”

“ಅವತ್ತು ಸ್ಟೇಜ್ ಮೇಲೆ ಮಾತಾಡಿದ್ದು ನೀವೇ ಅಲ್ವಾ?”

“ನಾನೇ. ಅದನ್ನೂ ಬರ್ಕೊಳ್ಳಿ.”

ನನ್ನದೇ ಅಕ್ಷರದಲ್ಲಿ ಎರಡು ಪುಟ ಬರೆದು ಸಹಿ ಹಾಕಿದೆ. ಅದರ ಒಂದು ಪ್ರತಿಯನ್ನು ಪತ್ರಿಕೆಗಳಿಗೆ ಕಳಿಸಿದೆ. ಒಂದು ಸಣ್ಣ ಪತ್ರಿಕೆ ಒಳಪುಟದಲ್ಲಿ ಹಾಕಿತು. ಅಷ್ಟಕ್ಕೇ ಮೇಲಿನವರಿಗೆ ಉರಿ ಹತ್ತಿತು. ಸರ್ಕಾರದ ಮಹಿಳಾಪರ ಕಾರ್ಯಕ್ರಮಕ್ಕೆ ಮಸಿ ಬಳಿದಿದ್ದೀರಿ, ನಿಮ್ಮ ನಡವಳಿಕೆ ಮಹಿಳಾ ವಿರೋಧಿಯಾಗಿದೆ, ವಿವರಣೆ ಕೊಡಿ ಎಂದು ನನಗೆ ನೋಟಿಸು ಬಂತು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಮೇಲೆ, ಒಬ್ಬ ಗುಮಾಸ್ತ ಟೈಪು ಮಾಡಿದ ಕಾಗದದಿಂದ ನಾನು ಮಹಿಳಾ ವಿರೋಧಿ ಎಂದು ತಿಳಿದುಕೊಂಡೆ. ನಗು ಬಂತು. ನನ್ನ ಗಂಡ ಓದಿ, “ಇದಕ್ಕೆ ಮಾತ್ರ ನನ್ನ ಪರ್ಮಿಷನ್ ತಗೊಂಡಿಲ್ವಲ್ಲ ಅವರು” ಎಂದರು.

ಹುಡುಗಿ ಕ್ಷಮಾಪಣೆ ಬರೆಯಲಿಲ್ಲ. ದೂರು ಕೆಲವು ತಿಂಗಳು ಅವಳನ್ನು ಅಲೆದಾಡಿಸಿ, ಆಮೇಲೆ ಸದ್ದಿಲ್ಲದೆ ಮಲಗಿತು. ಪ್ರಿನ್ಸಿಪಾಲರು ನನ್ನನ್ನು ಸಾಂಸ್ಕೃತಿಕ ಸಮಿತಿಯಿಂದ ಬಿಡಿಸಿದರು. ಬಿಡಿಸುವಾಗ ಬಾಗಿಲು ಹಾಕಿಕೊಂಡು, “ನೀವ್ ಮಾಡಿದ್ದು ಸರಿ ಕಣ್ರೀ” ಎಂದರು. ಬಾಗಿಲು ತೆರೆದಿದ್ದಾಗ ಅದನ್ನು ಹೇಳಲು ಅವರಿಗೆ ಆಗಲಿಲ್ಲ. ನಾನು ಅವರನ್ನು ಆಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಏಪ್ರಿಲ್‌ನಲ್ಲಿ ಚುನಾವಣೆಯ ಗಾಳಿ ಬೀಸತೊಡಗಿತು. ಲಷ್ಕರ್ ಮೊಹಲ್ಲಾದ ಮುಖ್ಯರಸ್ತೆಯ ಕಂಬಿಗೆ ಆ ಚಿತ್ರದ್ದೇ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದರು. ಆಪಾ ತಲೆಯ ಮೇಲೆ ದೊಡ್ಡವರ ಕೈ. ಓಣಿಯಲ್ಲಿ ಆಪಾಗೆ ಮುಖ ಎತ್ತಿಕೊಂಡು ಓಡಾಡುವುದು ಕಷ್ಟವಾಯಿತು. ಮಾರಿಕೊಂಡಳು ಎಂದು ಕೆಲವರು ಆಡಿಕೊಂಡರು. ತಂಗಿಯ ಮಗಳು ದೊಡ್ಡಮ್ಮನ ಜೊತೆ ಮಾತು ಬಿಟ್ಟಳು. ಆಪಾ ಆ ಪಕ್ಷದ ಕಚೇರಿಗೆ ಹೋಗಿ ತೆಗೆಸಿ ಎಂದು ಕೇಳಿಕೊಂಡರು. “ಗೌರವ ಕೊಟ್ರೆ ಇಟ್ಕೊಳ್ಳೋಕೆ ಬರಲ್ಲ ನಿಮಗೆ” ಎಂದು ಹೇಳಿ ಕಳಿಸಿದರು.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನಗೆ ಫೋನ್ ಬಂತು. “ಟೀಚರಮ್ಮ, ಬಿಡುವಿದ್ರೆ ಬನ್ನಿ. ಇಲ್ದಿದ್ರೂ ಪರವಾಗಿಲ್ಲ.” ನಾನು ಆಟೋ ಹಿಡಿದು ಹೋದೆ. ಆಪಾ ತಮ್ಮ ಹಸಿರು ಸೀರೆ ಉಟ್ಟು, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಫ್ಲೆಕ್ಸಿನ ಮುಂದೆ ನಿಂತಿದ್ದರು. ಪಕ್ಕದ ಅಂಗಡಿಯವರ ಸ್ಟೂಲು ಹಾಕಿಕೊಂಡು ಹತ್ತಿದರು. “ಹಿಡ್ಕೊಳ್ಳಿ, ಅಲ್ಲಾಡ್ತದೆ” ಎಂದರು. ನಾನು ಸ್ಟೂಲು ಹಿಡಿದುಕೊಂಡೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು, ತಮ್ಮ ಚಿತ್ರದ ಸುತ್ತ, ಅಂಚು ಕೆಡದಂತೆ, ಕುಪ್ಪಸದ ಕುತ್ತಿಗೆ ಕತ್ತರಿಸುವಷ್ಟೇ ನಿಧಾನವಾಗಿ ಕತ್ತರಿಸತೊಡಗಿದರು. ಜನ ಸೇರಿದರು. ಟ್ರಾಫಿಕ್ ಪೇದೆಯೊಬ್ಬ ಬಂದ.

“ಏನಮ್ಮ ಇದು?”

“ನನ್ ಫೋಟೋ. ತಗೊಂಡೋಗ್ತಾ ಇದೀನಿ.”

“ಪರ್ಮಿಷನ್ ತಗೊಂಡಿದೀಯಾ?”

“ಹಾಕೋವಾಗ ನನ್ನ ಕೇಳಿದ್ರಾ ಸ್ವಾಮಿ?”

ಅವನು ಫ್ಲೆಕ್ಸಿನ ಮುಖ ನೋಡಿದ, ಆಪಾ ಮುಖ ನೋಡಿದ. “ಬೇಗ ಮುಗ್ಸಿ, ಗಾಡಿಗಳು ನಿಂತ್ಕೊಂಡ್ಬುಟ್ಟವೆ” ಎಂದು ಹೇಳಿ ರಸ್ತೆಯ ನಡುವಿಗೆ ಹೋಗಿ ಸೀಟಿ ಊದತೊಡಗಿದ.

ಆಪಾ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿದರು. ಫ್ಲೆಕ್ಸಿನಲ್ಲಿ ದೊಡ್ಡವರು ಉಳಿದರು. ಒಂದು ತೂತಿನ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತ, ಹಲ್ಲು ಬಿಟ್ಟುಕೊಂಡು, ಮತದಾನದ ದಿನದ ತನಕವೂ ಹಾಗೇ ನಿಂತಿದ್ದರು. ಅವರ ಕಡೆಯವರು ದಿನವೂ ಅದರ ಮುಂದೆಯೇ ಓಡಾಡುತ್ತಿದ್ದರು. ಅಲ್ಲಿ ಒಬ್ಬ ಹೆಂಗಸು ಇರಬೇಕಿತ್ತು ಎಂಬುದು ಒಬ್ಬರ ಗಮನಕ್ಕೂ ಬರಲಿಲ್ಲ.

ತಂಗಿಯ ಮಗಳು ಅವತ್ತೇ ಸಂಜೆ ದೊಡ್ಡಮ್ಮನ ಮನೆಗೆ ಬಂದಳಂತೆ. ಮುಂದಿನ ವರ್ಷ ಅವಳೂ ಇನ್ನಿಬ್ಬರೂ ಮನೆಯಲ್ಲೇ ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದರು. ಭಾನುವಾರ ಬೆಳಿಗ್ಗೆ ನಾನು ಹೋಗಿ ಕನ್ನಡ ಹೇಳಿಕೊಡುತ್ತಿದ್ದೆ. ಐವರಲ್ಲಿ ಒಬ್ಬಳಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಇನ್ನೊಬ್ಬಳು ಓದಿನ ಆಸೆಯನ್ನೇ ಬಿಟ್ಟು ಆಪಾ ಹತ್ತಿರ ಮಷೀನಿಗೆ ಕೂತಳು. ಈಗಲೂ ಅಲ್ಲೇ ಇದ್ದಾಳೆ. ನಾನು ಹೋದಾಗ ಎದ್ದು ನನಗೆ ಕುರ್ಚಿ ಹಾಕುತ್ತಾಳೆ, ಪುಸ್ತಕದ ವಿಷಯ ಎತ್ತಿದರೆ ಮಾತ್ರ ಕೆಳಗೆ ನೋಡುತ್ತ ಸೂಜಿಗೆ ದಾರ ಪೋಣಿಸತೊಡಗುತ್ತಾಳೆ.